ಬಲಗಡೆಯ ತೊಟ್ಟಿ

ತಟ್ಟೆಗೆ ಅನ್ನ ಬೀಳುವ ಮೊದಲೇ ಚೂಟಿ ಹೇಳಿಬಿಟ್ಟಳು. "ನನ್ನನ್ನ ಬೆಂಚಿಗೆ ಹಾಕಿದ್ದಾರೆ."

ಸೌಟು ಹಿಡಿದಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅಪ್ಪ ಕೇಳಿಸಲೇ ಇಲ್ಲವೆಂಬಂತೆ ಉಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಯಾವ ಬೆಂಚು?" ಎಂದಳು ಅಜ್ಜಿ.

"ಆಡದೇ ಇರೋರು ಕೂರೋ ಬೆಂಚು ಅಜ್ಜಿ," ಅಣ್ಣ ಬಿಡಿಸಿ ಹೇಳಿದ. "ಆಟ ನಡೀತಿರುತ್ತೆ. ಇವಳು ನೀರಿನ ಬಾಟಲಿ ಹಿಡ್ಕೊಂಡು ನೋಡ್ತಿರ್ತಾಳೆ."

"ಅದಕ್ಕೆ ಅಲ್ಲೀತನಕ ಯಾಕೆ ಹೋಗ್ಬೇಕು? ಮನೇಲಿ ಕೂತೇ ನೋಡಬಹುದಲ್ಲ."

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಐವರೂ ಒಟ್ಟಿಗೆ ಕೂತು ಉಣ್ಣುವುದು ಆ ಮನೆಯಲ್ಲಿ ಭಾನುವಾರ ಮಾತ್ರ. ಉಳಿದ ದಿನ ಅಪ್ಪ ಗಾರೆ ಕೆಲಸಕ್ಕೆ ಬೆಳಗಾಗುತ್ತಲೇ ಹೊರಡುವವನು. ಅಣ್ಣ ಅದಕ್ಕೂ ಮೊದಲೇ ಎದ್ದು ಬ್ರೆಡ್ ಫ್ಯಾಕ್ಟರಿಯ ವ್ಯಾನು ಓಡಿಸುವವನು. ಅಮ್ಮ ಎರಡು ವಸತಿಗೃಹಗಳ ಹಾಸಿಗೆ ಬಟ್ಟೆಯನ್ನು ಮನೆಯ ಹಿತ್ತಲಲ್ಲೇ ಒಗೆದು, ಇಸ್ತ್ರಿ ಮಾಡಿ ಕಳಿಸುವವಳು. ಅಪ್ಪನ ತಾಯಿ ಅಜ್ಜಿ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ನೂಲಿನ ಎಳೆ ನೋಡಿ ನೋಡಿ, ಈಗ ಮನೆಮಂದಿಯ ಎಳೆ ಹಿಡಿಯುವುದೇ ಕಸುಬು ಮಾಡಿಕೊಂಡವಳು. ಇನ್ನು ಚೂಟಿ, ಹತ್ತೊಂಬತ್ತು ದಾಟಿದವಳು, ದೇಶದ ಯುವ ಫುಟ್‌ಬಾಲ್ ತಂಡದ ಫಾರ್ವರ್ಡ್. ಹೋದ ವರ್ಷ ಆ ತಂಡ ಹೊಡೆದ ಗೋಲುಗಳಲ್ಲಿ ಅರ್ಧಕ್ಕರ್ಧ ಇವಳ ಎಡಗಾಲಿನವು.

"ಯಾಕಂತೆ?" ಅಪ್ಪ ಕೊನೆಗೂ ಕೇಳಿದ.

"ಯಾವಾಗಲೂ ಎಡಕ್ಕೇ ತಿರುಗ್ತೀನಂತೆ."

"ತಿರುಗಿ ಗೋಲು ಹೊಡೀತೀಯಲ್ಲ?"

"ಅದನ್ನೂ ಮೇಡಂ ಹೇಳಿದ್ರು. ಇಲ್ಲಿ ಹೊಡೀತೀಯ, ದೊಡ್ಡವರ ತಂಡಕ್ಕೆ ಹೋದ್ರೆ ಹತ್ತೇ ನಿಮಿಷ. ಹನ್ನೊಂದನೇ ನಿಮಿಷಕ್ಕೆ ಡಿಫೆಂಡರು ನಿನ್ನ ಎಡಗಡೆ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ ಅಂದ್ರು."

"ಆ ಸೀಟಿಯಮ್ಮಂಗೆ ತಲೆ ನೆಟ್ಟಗಿದೆಯಾ?" ಯುವ ತಂಡದ ಕೋಚಿಗೆ ಅಪ್ಪ ಇಟ್ಟ ಹೆಸರು ಅದು. "ಗೋಲು ಹೊಡೆಯೋಳನ್ನ ಕೂರಿಸಿ ಗೆಲ್ಲೋದು ಹೇಗೆ?"

"ಗೆಲ್ಲೋದು ಈ ತಂಡದ ಕೆಲಸ ಅಲ್ಲವಂತೆ ಅಪ್ಪ. ಹಿರಿಯರ ತಂಡಕ್ಕೆ ಆಟಗಾರರನ್ನ ತಯಾರು ಮಾಡಿ ಕಳಿಸೋದು ಇದರ ಕೆಲಸ. ಇನ್ನು ಎಂಟು ವಾರಕ್ಕೆ ಅವರ ಕ್ಯಾಂಪಿಗೆ ಪಟ್ಟಿ ಹೋಗುತ್ತೆ. ಅಷ್ಟರಲ್ಲಿ ಬಲಕ್ಕೂ ತಿರುಗೋದು ಕಲಿತರೆ ನನ್ನ ಹೆಸರು ಬರೀತಾರೆ. ಇಲ್ಲಾಂದ್ರೆ ಇಲ್ಲ."

ಇಲ್ಲ ಅಂದರೆ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಈ ವರ್ಷಕ್ಕೆ ಅವಳ ವಯಸ್ಸು ಯುವ ತಂಡವನ್ನು ದಾಟುತ್ತಿತ್ತು. ಮೇಲಿನ ತಂಡ ಕರೆಯದಿದ್ದರೆ ಆರನೇ ವಯಸ್ಸಿನಿಂದ ಒದ್ದದ್ದಕ್ಕೆಲ್ಲ ಅಲ್ಲಿಗೇ ಮಂಗಳ.

ಅಪ್ಪನಿಗೆ ಚುಚ್ಚಿದ್ದು ಬೇರೆಯೇ. ಮಗಳಿಗೆ ಚೆಂಡು ಕೊಟ್ಟವನು ಅವನು. ಎಡಗಾಲು ತಿದ್ದಿದವನು ಅವನು. ಯಾವ ಕ್ಯಾಂಪಿಗೆ ಸೇರಿದರೂ ಒಂದು ಫಾರಂ ತುಂಬಬೇಕಿತ್ತು; ಅದರಲ್ಲಿ 'ಮೊದಲ ತರಬೇತುದಾರರು' ಎಂಬ ಸಾಲನ್ನು ಅವನು ಇನ್ನೊಬ್ಬರಿಗೆ ತುಂಬಲು ಬಿಟ್ಟವನೇ ಅಲ್ಲ. ಪೆನ್ನನ್ನು ಒತ್ತಿ ಹಿಡಿದು 'ತಂದೆ' ಎಂದು ಬರೆದು, ಕೆಳಗೆ ರಸಮಟ್ಟ ಇಟ್ಟ ಹಾಗೆ ನೇರ ಗೆರೆ ಎಳೆಯುತ್ತಿದ್ದ. ಈಗ ಯಾರೋ ಆ ಗೆರೆಯೇ ಸೊಟ್ಟ ಅಂದಂತಾಗಿತ್ತು. ಅರ್ಧ ತಟ್ಟೆ ಬಿಟ್ಟು ಎದ್ದ.

ಮಂಗಳವಾರ ಸಂಜೆ ಅಮ್ಮ ಮತ್ತು ಚೂಟಿ ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದರು. ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ತಾಯಿ ಒಂದು ಕಡೆಗೆ ತಿರುಚಿದರೆ ಮಗಳು ಇನ್ನೊಂದು ಕಡೆಗೆ ತಿರುಚಬೇಕು.

"ಕಲೀತಿದ್ದೀಯಾ ಬಲಕ್ಕೆ?"

"ಆಗ್ತಿಲ್ಲಮ್ಮ. ಮನಸ್ಸು ತಿರುಗು ಅನ್ನುತ್ತೆ, ಕಾಲು ನಿಂತುಬಿಡುತ್ತೆ. ಏನೋ ತಾಗುತ್ತೆ ಅನ್ನೋ ಹಾಗೆ."

"ಎಲ್ಲಿ ತಾಗುತ್ತೆ?"

ಚೂಟಿ ಬಲ ಮೊಣಕಾಲಿನ ಕೆಳಗೆ ತೋರಿಸಿದಳು. ಅಲ್ಲಿ ಹಳೆಯ ಗಾಯದ ಎರಡು ಗುರುತಿದ್ದವು. ಒಂದು ಏಳನೇ ವಯಸ್ಸಿನದು, ಇನ್ನೊಂದು ಒಂಬತ್ತನೆಯದು. ಎರಡಕ್ಕೂ ಅರಿಶಿನ ಹಚ್ಚಿದವಳು ಅಮ್ಮನೇ. ಹೊದಿಕೆ ಹಿಡಿದುಕೊಂಡೇ ಅವಳು ಹಿತ್ತಲನ್ನು ಒಮ್ಮೆ ನೋಡಿದಳು, ಮೊದಲ ಸಲ ಕಂಡವಳ ಹಾಗೆ.

ಹಿತ್ತಲು ಅಂದರೆ ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ಐದು. ಅಡುಗೆಮನೆಯ ಬಾಗಿಲಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಹಿಂಗೋಡೆ, ಅದರ ಮೇಲೆ ಅಪ್ಪ ಸುಣ್ಣದಲ್ಲಿ ಬರೆದ ಗೋಲು. ಬಲಗಡೆಗೆ ಅಮ್ಮನ ನೀರಿನ ತೊಟ್ಟಿ, ಒಗೆಯುವ ಕಲ್ಲು. ಎರಡೂ ಸೇರಿ ಅರ್ಧ ಅಗಲವನ್ನು ನುಂಗಿದ್ದವು. ಆರು ವರ್ಷದ ಮಗು ಬಾಗಿಲ ಹತ್ತಿರ ಚೆಂಡಿಟ್ಟುಕೊಂಡು ಗೋಡೆಯತ್ತ ಓಡಿದರೆ ಎಡಕ್ಕೇ ತಿರುಗಬೇಕು. ಬಲಕ್ಕೆ ತಿರುಗಿದರೆ ತೊಟ್ಟಿಯ ಮೂಲೆ ಮೂಳೆಗೆ ಬಡಿಯುತ್ತದೆ. ಎರಡು ಸಲ ಬಡಿದ ಮೇಲೆ ಯಾವ ಮಗುವೂ ಮೂರನೇ ಸಲ ತಿರುಗುವುದಿಲ್ಲ.

"ಏನೋ ತಾಗುತ್ತೆ ಅಂತೀಯಲ್ಲೇ," ಎಂದಳು ಅಮ್ಮ. "ತೊಟ್ಟಿ ತಾಗುತ್ತೆ."

ಕೆಲಸದಿಂದ ಬಂದ ಅಪ್ಪನಿಗೆ ಚಹಾ ಕೊಡುವ ಮೊದಲೇ ಅಮ್ಮ ವಿಷಯ ಹೇಳಿದಳು. ಚಹಾ ಕೊಟ್ಟ ಮೇಲೆ ಹೇಳಿದ್ದರೆ ಚೆನ್ನಾಗಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಅಪ್ಪ ಗುಡುಗಿದ.

"ಈ ಸಲ ನೆಲಾನೇ ಡೊಂಕು ಕಣೋ," ಎಂದಳು ಅಜ್ಜಿ. "ಹಾಕಿದೋನು ನೀನು."

ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಪ್ಪಿಸಿಕೊಂಡು ಹೊರಬಂತು. ಅಪ್ಪ ಅವನತ್ತ ಒಂದು ನೋಟ ಎಸೆದ. ಆ ತೊಟ್ಟಿಯನ್ನು ಅವನು ಕಟ್ಟಿದ್ದು ಹದಿಮೂರು ವರ್ಷದ ಹಿಂದೆ, ಕೆಲಸವಿಲ್ಲದ ಒಂದು ವಾರದಲ್ಲಿ, ಬೀದಿ ನಲ್ಲಿಯಿಂದ ಹೆಂಡತಿ ನೀರು ಹೊರುವುದನ್ನು ನೋಡಲಾರದೆ. ಇಂದಿಗೂ ಒಂದು ಹನಿ ಸೋರಿದ್ದಿಲ್ಲ.

"ಒಡೆದುಬಿಡೋಣ," ಅಂದ ಅಣ್ಣ. "ಅರ್ಧ ದಿನದ ಕೆಲಸ."

"ಒಡೆದು? ದಿನಾ ನಲವತ್ತು ಹೊದಿಕೆ ನಿನ್ನ ವ್ಯಾನಿನಲ್ಲಿ ಒಗೀಲಾ?" ಎಂದಳು ಅಮ್ಮ.

"ನಾನು ಕಟ್ಟಿದ್ದರ ಮೇಲೆ ಯಾವನಾದ್ರೂ ಸುತ್ತಿಗೆ ಎತ್ತಲಿ, ನೋಡ್ತೀನಿ," ಎಂದ ಅಪ್ಪ.

"ಹಾಗಾದ್ರೆ ನಾನೇನು ಮಾಡ್ಲಿ?" ಚೂಟಿಯ ದನಿ ಏರಿತು. "ತೊಟ್ಟಿ ಇರಲಿ, ಬಟ್ಟೆ ಇರಲಿ, ನಾನು ಬೆಂಚಲ್ಲಿ ಕೂತಿರ್ಲಾ?"

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಹಿತ್ತಲಿಗೆ ಹೋಗಿ, ಹಿಂಗೋಡೆಗೆ ಬೆನ್ನು ಕೊಟ್ಟು, ಮನೆಯತ್ತ ಮುಖ ಮಾಡಿ ನಿಂತಳು.

"ಈಗ ತೊಟ್ಟಿ ಯಾವ ಕಡೆ ಇದೆ ನನಗೆ?"

ಅಜ್ಜಿ ತಾನೇ ಎಡಗೈ ಚಾಚಿ ತೋರಿಸಿದಳು.

"ಎಡಕ್ಕೆ. ಬಲಗಡೆ ಖಾಲಿ. ನಾಲ್ಕು ಜನ ಬುದ್ಧಿವಂತರು ಸೇರ್ಕೊಂಡು ತೊಟ್ಟಿ ತಿರುಗಿಸೋಕೆ ಹೊರಟಿದ್ದೀರಲ್ಲ, ಹುಡುಗೀನ ತಿರುಗಿಸಿ ನಿಲ್ಲಿಸೋಕೆ ಆಗಲ್ವಾ?"

"ತಿರುಗಿ ನಿಂತರೆ ಗೋಲು ಎಲ್ಲಿ?" ಅಪ್ಪ ಕೇಳಿದ.

ಅಜ್ಜಿ ಗಲ್ಲ ಎತ್ತಿ ತೋರಿಸಿದಳು. ಅಡುಗೆಮನೆಯ ಬಾಗಿಲು.

ಅಮ್ಮನ ಮುಖ ನೋಡಬೇಕಿತ್ತು.

ಅಮ್ಮ ಒಪ್ಪಿದ್ದು ಷರತ್ತಿನ ಮೇಲೆ. ನಾಲ್ಕೂವರೆಯಿಂದ ಐದೂವರೆ, ಒಲೆ ಆರಿರುವ ಹೊತ್ತು ಮಾತ್ರ. ಗಾಜಿನದೆಲ್ಲ ಮೇಲಿನ ಹಲಗೆಗೆ. ಹಾಲು ಕಪಾಟಿನೊಳಗೆ. ಅಷ್ಟೆಲ್ಲ ಮಾಡಿದರೂ ಮೊದಲ ದಿನವೇ ಚೆಂಡು ಬಾಗಿಲು ದಾಟಿ, ಆಲೂಗಡ್ಡೆಯ ಬುಟ್ಟಿ ಉರುಳಿಸಿ, ಅಕ್ಕಿಯ ಡಬ್ಬಿಗೆ ಬಡಿಯಿತು. ಎರಡನೇ ದಿನ ಅಮ್ಮ ದೊಡ್ಡ ಪಾತ್ರೆಯ ಮುಚ್ಚಳ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಮೂರನೇ ದಿನ ಮುಚ್ಚಳವನ್ನು ಬದಿಗೆಸೆದಳು; ನೆನೆದ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈಗೆ ಚೆಂಡು ಹಿಡಿಯುವುದು ಅದಕ್ಕಿಂತ ಸುಲಭವಾಗಿತ್ತು.

ಅಜ್ಜಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಚೆಂಡು ಎಸೆಯುತ್ತಿದ್ದಳು. ಅಣ್ಣ ಫ್ಯಾಕ್ಟರಿಯ ಅಂಗಿಯಲ್ಲೇ, ಬ್ರೆಡ್ಡಿನ ವಾಸನೆ ಹೊತ್ತುಕೊಂಡು, ಡಿಫೆಂಡರಾಗಿ ನಿಲ್ಲುತ್ತಿದ್ದ. ಚೂಟಿ ಚೆಂಡು ತಡೆದು ಬಲಕ್ಕೆ ತಿರುಗಲು ಹೋಗಿ ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತಿದ್ದಳು.

"ಎದ್ದೇಳು," ಎನ್ನುತ್ತಿದ್ದಳು ಅಮ್ಮ ಬಾಗಿಲಿಂದ. "ಇನ್ನೊಂದು."

"ಕಾಲು ಬರ್ತಿಲ್ಲಮ್ಮ."

"ನಾನು ಹೊದಿಕೆ ಒಗೆಯೋಕೆ ಶುರು ಮಾಡಿದಾಗ ಬೆನ್ನೂ ಬರ್ತಿರಲಿಲ್ಲ. ಇನ್ನೊಂದು."

ಅಪ್ಪ ಮಾತ್ರ ಹಿತ್ತಲಿಗೆ ಕಾಲಿಡಲಿಲ್ಲ. ಕೆಲಸ ಮುಗಿಸಿ ಬಂದವನು ಮುಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡ. ಹೆಂಡತಿ ಮೂರು ದಿನ ತಂದುಕೊಟ್ಟಳು. ನಾಲ್ಕನೇ ದಿನ ಒಳಗಿಂದಲೇ ಕೂಗಿದಳು: "ತಟ್ಟೆ ಇಲ್ಲಿದೆ. ಕಾಲು ಅಲ್ಲಿದೆ. ಎರಡೂ ಸೇರಿದ್ರೆ ಊಟ." ಅವನು ಎದ್ದು ಬಂದು ತಟ್ಟೆ ತೆಗೆದುಕೊಂಡು ಮತ್ತೆ ಮೆಟ್ಟಿಲಿಗೇ ಹೋದ.

ಮೂರನೇ ವಾರ ಕಾರ್ಖಾನೆಯೊಂದರ ಕ್ಲಬ್ಬಿನ ಮ್ಯಾನೇಜರು ಮನೆ ಹುಡುಕಿಕೊಂಡು ಬಂದ. ಅಗಲ ಮುಖದ, ಕುರ್ಚಿ ತುಂಬ ಕೂರುವ ಮನುಷ್ಯ. ಚಹಾ ಕುಡಿದು, ಕಪ್ಪನ್ನು ಕೆಳಗಿಡುವ ಮೊದಲೇ ವಿಷಯಕ್ಕೆ ಬಂದ.

"ನಮಗೆ ಗೋಲು ಬೇಕು. ಎಡದಿಂದ ಬಂತೋ ಬಲದಿಂದ ಬಂತೋ ನಾವು ಕೇಳೋರಲ್ಲ. ಕಾರ್ಖಾನೆಯ ಕಚೇರೀಲಿ ಕಾಯಂ ಕೆಲಸ. ಬೆಳಗ್ಗೆ ಆಟ, ಮಧ್ಯಾಹ್ನ ಕಚೇರಿ. ಒಂದೇ ಮಾತು, ಒಂದನೇ ತಾರೀಖಿಗೆ ಸೇರಬೇಕು. ಯುವ ತಂಡದ ಕ್ಯಾಂಪು ಬಿಡಬೇಕಾಗುತ್ತೆ."

ಅಪ್ಪನ ಮುಖದಲ್ಲಿ ಮೂರು ವಾರದ ಮೇಲೆ ಬೆಳಕು ಬಂತು. "ನೋಡಿ, ಗೊತ್ತಿರೋರಿಗೆ ಗೊತ್ತಾಗುತ್ತೆ," ಎಂದ.

"ಯೋಚನೆ ಮಾಡಿ ಹೇಳ್ತೀವಿ," ಎಂದಳು ಅಮ್ಮ.

"ಯೋಚನೆ ಏನು ಬಂತು? ಈಗಲೇ ಹೇಳೋಣ."

"ಹೌದು ಅಪ್ಪ, ಈಗಲೇ ಹೇಳ್ತೀನಿ," ಎಂದಳು ಚೂಟಿ. "ಬೇಡ ಸಾರ್."

ಮ್ಯಾನೇಜರು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ತಿಂಗಳ ಕೊನೆಯವರೆಗೂ ಬಾಗಿಲು ತೆರೆದಿರುತ್ತದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವನ ಬೆನ್ನು ಬೀದಿಯ ತಿರುವು ದಾಟುವ ತನಕ ಅಪ್ಪ ತಡೆದುಕೊಂಡ.

"ಕೈಗೆ ಬಂದ ತುತ್ತನ್ನ ಕಾಲಲ್ಲಿ ಒದೀತೀಯಾ?"

"ಒದೆಯೋದನ್ನ ಕಲಿಸಿದ್ದೇ ನೀನಲ್ವಾ?"

"ಮಾತಿಗೆ ಮಾತು! ಬೆಂಚ್ ಕಾಯೋ ಸುಖಕ್ಕೆ ಕಾಯಂ ಕೆಲಸ ಬಿಡ್ತೀಯಾ?"

"ಅಲ್ಲಿ ಎರಡು ವರ್ಷ ಹೊಡೀತೀನಿ ಅಪ್ಪ. ಆಮೇಲೆ ಎಲ್ಲರಿಗೂ ಗೊತ್ತಾಗುತ್ತೆ ಇವಳಿಗೆ ಒಂದೇ ಕಡೆ ದಾರಿ ಅಂತ. ಆಮೇಲೆ ಕಚೇರಿ ಅಷ್ಟೇ, ಆಟ ಇಲ್ಲ. ನನಗೆ ದೇಶದ ತಂಡದಲ್ಲಿ ಆಡ್ಬೇಕು. ಹಿರಿಯರ ತಂಡದಲ್ಲಿ. ನೀನೇ ಹೇಳ್ತಿದ್ದೆ, ನಾನು ಆರು ವರ್ಷದವಳಿದ್ದಾಗಿಂದ ಹೇಳ್ತಿದ್ದೆ. ಈಗ ನೀನೇ ಇಲ್ಲೇ ನಿಲ್ಲು ಅಂತೀಯಲ್ಲ!"

"ನಾನು ಕಲಿಸಿದ ಆಟ ಸಾಲದು ಅಂತ ಆಯ್ತು."

"ಸಾಲದು," ಎಂದಳು ಚೂಟಿ. ಹೇಳಿದ ಮೇಲೆ ಅವಳಿಗೇ ಕಣ್ಣು ತುಂಬಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಅಪ್ಪ ಮಗಳ ಜೊತೆ ಮಾತು ಬಿಟ್ಟ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದ. "ಈ ಮನೇಲಿ ಯಾರೋ ಬೂಟು ದಾರಿಗೆ ಅಡ್ಡ ಇಟ್ಟಿದ್ದಾರೆ" ಎನ್ನುತ್ತಿದ್ದ. ಅಜ್ಜಿಯೂ ಗೋಡೆಗೇ ಉತ್ತರಿಸುತ್ತಿದ್ದಳು: "ಈ ಮನೇಲಿ ಯಾರಿಗೋ ಐವತ್ತು ತುಂಬಿದ್ರೂ ಐದು ವರ್ಷದ ಬುದ್ಧಿ."

ಐದನೇ ವಾರ ನೆರೆದೇಶದ ಯುವ ತಂಡದೊಂದಿಗೆ ಪಂದ್ಯವಿತ್ತು. ಕೊನೆಯ ಇಪ್ಪತ್ತು ನಿಮಿಷಕ್ಕೆ ಕೋಚ್ ಮೇಡಂ ಚೂಟಿಯನ್ನು ಇಳಿಸಿದರು. ಕಿವಿಯ ಹತ್ತಿರ ಒಂದೇ ಮಾತು ಹೇಳಿದ್ದರಂತೆ: "ಎಡಕ್ಕೆ ತಿರುಗಿದ್ರೆ ಹೊರಗೆ ಕರೀತೀನಿ." ಚೂಟಿ ಮೊದಲ ಸಲ ಬಲಕ್ಕೆ ತಿರುಗಿದಾಗ ಚೆಂಡು ಕಾಲಿಂದ ಜಾರಿತು. ಎರಡನೇ ಸಲ ಮಂಡಿಯೂರಿದಳು. ಎದುರಾಳಿಗಳು ಚೆಂಡು ಕಿತ್ತುಕೊಂಡು ಹೋಗಿ, ಮೂರು ಪಾಸಿನಲ್ಲಿ ಗೋಲು ಹೊಡೆದರು. ತಂಡ ಆ ಒಂದೇ ಗೋಲಿನಿಂದ ಸೋತಿತು. "ಎತ್ತಿನ ಗಾಡಿ ತಿರುಗಿಸೋಕೂ ಇಷ್ಟು ಹೊತ್ತು ಬೇಡ!" ಎಂದು ಮೇಲಿಂದ ಯಾರೋ ಕೂಗಿದರು. ಅಪ್ಪನ ಜೊತೆ ಪಂದ್ಯ ನೋಡಲು ಬಂದಿದ್ದ ಅಣ್ಣ ಆ ಕೂಗಿದವನನ್ನು ಹುಡುಕಿಕೊಂಡು ನಾಲ್ಕು ಸಾಲು ಹತ್ತಿದ. ಅಪ್ಪ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ಯಾರ ಕಣ್ಣಿಗೂ ಬೀಳದಂತೆ ಹೊರಟುಹೋದ.

ಮರುದಿನ ಅವನು ಕೆಲಸಕ್ಕೆ ಹೋಗುವ ದಾರಿ ಬಿಟ್ಟು ನೇರ ಕ್ರೀಡಾಂಗಣಕ್ಕೆ ಹೋದ. ಅಂಗಿಯ ಮೇಲೆ ನಿನ್ನೆಯ ಸಿಮೆಂಟು ಹಾಗೇ ಇತ್ತು. ಕೋಚ್ ಮೇಡಂ ತಮ್ಮ ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ಒಂದು ಕಾಲದಲ್ಲಿ ಹಿರಿಯರ ತಂಡಕ್ಕೆ ಆಡಿದವರು. ಈಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಡೆಯುವವರು.

"ನನ್ನ ಮಗಳನ್ನ ಊರ ಮುಂದೆ ನಗೆಪಾಟಲು ಮಾಡಿದಿರಿ," ಎಂದ ಅಪ್ಪ, ನಮಸ್ಕಾರವನ್ನೂ ಹೇಳದೆ.

"ಹೌದು. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಅವಳು ತನ್ನ ಆಟ ಆಡಿದ್ರೆ ನಿನ್ನೆ ಗೆಲ್ತಿದ್ರಿ."

"ಗೆಲ್ತಿದ್ವಿ." ಮೇಡಂ ಪಂಪನ್ನು ಕೆಳಗಿಟ್ಟು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ವರ್ಷವರ್ಷದ ಯುವ ತಂಡಗಳ ಫೋಟೋ ಸಾಲಾಗಿ ತೂಗುತ್ತಿದ್ದವು. ಪ್ರತಿ ಫೋಟೋದಲ್ಲೂ ಮೂರೋ ನಾಲ್ಕೋ ಮುಖಗಳ ಸುತ್ತ ಕೆಂಪು ಶಾಯಿಯ ವೃತ್ತ. "ವೃತ್ತ ಇರೋರು ಹಿರಿಯರ ತಂಡಕ್ಕೆ ಹೋದೋರು. ಈ ಫೋಟೋದಲ್ಲಿ ಕಪ್ ಹಿಡ್ಕೊಂಡಿದ್ದಾಳಲ್ಲ, ಇವಳ ಸುತ್ತ ಇದೆಯಾ?"

ಅಪ್ಪ ಹತ್ತಿರ ಹೋಗಿ ನೋಡಿದ. ಇರಲಿಲ್ಲ.

"ಆ ವರ್ಷ ಅತಿ ಹೆಚ್ಚು ಗೋಲು ಇವಳದೇ. ಗಾಳಿ ಥರ ಓಡ್ತಿದ್ಲು. ನಾನು ಓಡಿಸಿದೆ, ಬೇರೇನೂ ಕಲಿಸ್ಲಿಲ್ಲ. ನನಗೆ ಕಪ್ ಬೇಕಾಗಿತ್ತು. ದೊಡ್ಡವರ ತಂಡದಲ್ಲಿ ಎರಡು ಪಂದ್ಯ ಆಡಿದ್ಲು, ಅಷ್ಟೇ. ಅವಳಷ್ಟೇ ವೇಗದೋರು ಅಲ್ಲಿ ಹತ್ತು ಜನ ಇದ್ರು. ಈಗ ಒಂದು ಬಟ್ಟೆ ಅಂಗಡೀಲಿ ಇದ್ದಾಳೆ. ಸಿಕ್ಕಾಗ ನಗ್ತಾಳೆ. ನನಗೆ ವಾಪಸ್ಸು ನಗೋಕೆ ಆಗಲ್ಲ."

ಅಪ್ಪ ಈಗ ಕೂತ.

"ನಿಮ್ಮ ಮಗಳನ್ನ ಕೇಳಿದೆ, ನಿನ್ನ ಬಲಗಡೆ ಏನಿತ್ತಮ್ಮ ಅಂತ," ಮೇಡಂ ಮುಂದುವರಿಸಿದರು. "ತೊಟ್ಟಿ ಅಂದ್ಲು. ಯಾರು ಕಟ್ಟಿದ್ದು ಅಂದೆ. ಹೇಳ್ಲಿಲ್ಲ. ಎರಡು ಸಲ ಕೇಳಿದೆ. ಮನೆ ಜೊತೇಲೇ ಬಂದಿತ್ತು ಮೇಡಂ ಅಂದ್ಲು."

ಹೊರಗೆ ಮೈದಾನದಲ್ಲಿ ಹುಡುಗಿಯರು ಓಡುವ ಸದ್ದು, ಒಬ್ಬರನ್ನೊಬ್ಬರು ಕರೆಯುವ ಸದ್ದು. ಅಪ್ಪ ಅಂಗೈಯಲ್ಲಿದ್ದ ಒಣಗಿದ ಸಿಮೆಂಟನ್ನು ಉಗುರಿನಿಂದ ಕೆರೆದ.

"ನಾನೇ ಕಟ್ಟಿದ್ದು," ಎಂದ.

"ಚೆನ್ನಾಗಿ ಕಟ್ಟಿದ್ದೀರಿ," ಎಂದರು ಮೇಡಂ. "ಹದಿಮೂರು ವರ್ಷ ಆದ್ರೂ ಅವಳ ಕಾಲು ಅದನ್ನ ದಾಟ್ತಿಲ್ಲ."

ಆ ಸಂಜೆ ನಾಲ್ಕೂವರೆಗೆ ಅಮ್ಮ ಬಾಗಿಲಿಗೆ ಬಂದು ನಿಂತಾಗ ಹಿತ್ತಲಲ್ಲಿ ಅಪ್ಪ ಇದ್ದ. ಯಾವುದೋ ಕಟ್ಟಡದಿಂದ ತಂದ ದಪ್ಪ ಹಲಗೆಯೊಂದನ್ನು ಅಡುಗೆಮನೆ ಬಾಗಿಲ ಕೆಳಗಿನ ಅರ್ಧಕ್ಕೆ, ತೆಗೆದಿಡಲು ಬರುವಂತೆ, ಅಡ್ಡ ಕೂರಿಸುತ್ತಿದ್ದ.

"ಏನಿದು?" ಎಂದಳು ಅಮ್ಮ.

"ಬಾಗಿಲು ಹಾಳಾಗುತ್ತೆ."

"ನಾಲ್ಕು ವಾರದಿಂದ ಹಾಳಾಗ್ತಿದೆ."

"ಅದಕ್ಕೇ."

ಅಷ್ಟೇ ಮಾತು. ಹಲಗೆ ಕೂರಿಸಿ, ಕೈ ಒರೆಸಿಕೊಂಡು, ಡಿಫೆಂಡರಾಗಿ ನಿಂತಿದ್ದ ಮಗನ ಭುಜ ತಟ್ಟಿ ಪಕ್ಕಕ್ಕೆ ಸರಿಸಿದ. ತಾನು ನಿಂತ, ತೊಟ್ಟಿಯ ಮಗ್ಗುಲಲ್ಲಿ, ಮಗಳ ಎಡಗಡೆ. ಚೂಟಿ ಅವನ ಮುಖ ನೋಡಿದಳು. ಅವನು ಚೆಂಡನ್ನು ನೋಡಿದ.

"ಇವನು ನಿನ್ನ ಅಣ್ಣ, ಪಾಪ ಅಂತ ದಾರಿ ಬಿಡ್ತಾನೆ," ಎಂದ. ಎರಡು ವಾರದ ಮೇಲೆ ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು. "ನಾನು ಬಿಡಲ್ಲ."

ಬಿಡಲೂ ಇಲ್ಲ. ಇಟ್ಟಿಗೆ ಹೊತ್ತ ಮೈ ಅದು, ಚೂಟಿ ಡಿಕ್ಕಿ ಹೊಡೆದರೆ ಅವಳೇ ಹಿಂದಕ್ಕೆ ಹೋಗುತ್ತಿದ್ದಳು. ಎಡಕ್ಕೆ ಒಂದಿಷ್ಟು ವಾಲಿದರೂ ಅವನ ಮಂಡಿ ಅಲ್ಲಿರುತ್ತಿತ್ತು. "ಎಡ ಮುಚ್ಚಿದೆ! ಎಡ ಮುಚ್ಚಿದೆ ಅಂದ್ನಲ್ಲ!" ಎಂದು ಕೂಗುತ್ತಿದ್ದ. ಕೆಲವು ಸಂಜೆ ಜಗಳವೇ ಆಗುತ್ತಿತ್ತು.

"ಅಂಗಿ ಎಳೀಬೇಡ ಅಪ್ಪ, ಫೌಲು!"

"ದೊಡ್ಡವರ ತಂಡದಲ್ಲಿ ನಿನ್ನ ಅಂಗಿಗೆ ಇಸ್ತ್ರಿ ಮಾಡಿ ಕೊಡ್ತಾರಾ? ಇನ್ನೊಂದು!"

ತಿಂಗಳ ಕೊನೆಯ ದಿನ ಬಂತು, ಹೋಯಿತು. ಕ್ಲಬ್ಬಿನ ಮಾತನ್ನು ಯಾರೂ ಎತ್ತಲಿಲ್ಲ. ಆರನೇ ವಾರದ ಒಂದು ಸಂಜೆ ಅಜ್ಜಿ ಎಸೆದ ಚೆಂಡನ್ನು ಚೂಟಿ ತಡೆದಳು, ಎಡಭುಜವನ್ನು ಅಪ್ಪನ ಎದೆಗೆ ಕೊಟ್ಟಳು, ಹಾಗೇ ಬಲಕ್ಕೆ ಸುತ್ತಿ ಹೊಡೆದಳು. ಚೆಂಡು ಅಮ್ಮನ ಕೈಗೂ ಸಿಗದೆ, ಹಲಗೆಯ ಮೇಲಿಂದ ಹಾದು, ಒಳಗೆ ಒಲೆಯ ಮೇಲಿದ್ದ ಖಾಲಿ ಪಾತ್ರೆಯನ್ನು ಉರುಳಿಸಿತು. ಅದು ನೆಲದ ಮೇಲೆ ಗಿರಗಿರ ಸುತ್ತಿ ನಿಂತಿತು.

"ತಾಗಿತಾ?" ಅಮ್ಮ ಕೇಳಿದಳು.

ಚೂಟಿ ಬಗ್ಗಿ ತನ್ನ ಬಲ ಮೊಣಕಾಲನ್ನು ಮುಟ್ಟಿ ನೋಡಿಕೊಂಡಳು. "ಇಲ್ಲಮ್ಮ. ಏನೂ ತಾಗ್ಲಿಲ್ಲ."

"ಸರಿ. ಇನ್ನೊಂದು."

ಎಂಟನೇ ವಾರ, ಯುವ ತಂಡಗಳ ಟೂರ್ನಿಯ ಕೊನೆಯ ಲೀಗ್ ಪಂದ್ಯ. ಗೆದ್ದರೆ ಮಾತ್ರ ಫೈನಲ್. ಅಮ್ಮ ಒಗೆಯುವ ಬಟ್ಟೆಯನ್ನು ಹಿಂದಿನ ದಿನವೇ ಮುಗಿಸಿದ್ದಳು. ಅಜ್ಜಿಯನ್ನು ಅಣ್ಣ ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ಮಧ್ಯೆ ಕೂರಿಸಿಕೊಂಡು ಬಂದ. ಗಣ್ಯರ ಸಾಲಿನಲ್ಲಿ ಹಿರಿಯರ ತಂಡದ ಕೋಚು, ಮಡಿಲಲ್ಲೊಂದು ಪುಸ್ತಕ ಇಟ್ಟುಕೊಂಡು ಕೂತಿದ್ದ.

ಅರವತ್ತನೇ ನಿಮಿಷಕ್ಕೆ ಚೂಟಿ ಇಳಿದಳು. ಆಗ ಎರಡೂ ತಂಡ ಒಂದೊಂದು ಗೋಲಿನಲ್ಲಿದ್ದವು. ಅವಳ ಎಡಗಾಲಿನ ಖ್ಯಾತಿ ಎದುರಾಳಿಗೂ ಮುಟ್ಟಿತ್ತು. ಎತ್ತರದ ಡಿಫೆಂಡರೊಬ್ಬಳು ಬಂದವಳೇ ಅವಳ ಎಡಕ್ಕೆ ಅಂಟಿಕೊಂಡು ನಿಂತಳು. ಮೇಡಂ ಹೇಳಿದ್ದ ಕುರ್ಚಿ ಇದೇ ಎಂದು ಅಪ್ಪನಿಗೆ ಆಗ ಅರ್ಥವಾಯಿತು.

ಮುಗಿಯಲು ಮೂರು ನಿಮಿಷ ಇರುವಾಗ ಚೆಂಡು ಚೂಟಿಯ ಕಾಲಿಗೆ ಬಂತು. ಬೆನ್ನಿಗೆ ಡಿಫೆಂಡರು. ಚೂಟಿ ಎಡಕ್ಕೆ ಒಂದಿಷ್ಟು ವಾಲಿದಳು. ಇಡೀ ಕ್ರೀಡಾಂಗಣ ಅವಳ ಜೊತೆ ಎಡಕ್ಕೆ ವಾಲಿತು. ಡಿಫೆಂಡರೂ ಎಡಕ್ಕೆ ಹಾರಿದಳು. ಚೂಟಿ ಎಡಭುಜ ಕೊಟ್ಟು, ಬಲಕ್ಕೆ ಸುತ್ತಿ, ಬಲಗಾಲಿನಲ್ಲಿ ಹೊಡೆದಳು. ಗೋಲ್‌ಕೀಪರು ಕದಲಲೇ ಇಲ್ಲ. ಚೆಂಡು ಕಂಬಕ್ಕೆ ಬಡಿದು, ಗೆರೆಯ ಮೇಲೆ ಒಂದು ಸಲ ಪುಟಿದು, ಹೊರಗೆ ಹೋಯಿತು.

ಪಂದ್ಯ ಸಮವಾಗಿ ಮುಗಿಯಿತು. ಫೈನಲ್ ಇಲ್ಲ. ಚೂಟಿ ಸೊಂಟಕ್ಕೆ ಕೈಕೊಟ್ಟು ಆ ಕಂಬವನ್ನೇ ನೋಡುತ್ತ ನಿಂತಿದ್ದಳು.

"ಛೇ!" ಪಕ್ಕದ ಸೀಟಿನವನು ಹಣೆ ಚಚ್ಚಿಕೊಂಡ. "ಎಡಕ್ಕೆ ತಿರುಗಿದ್ರೆ ಗೋಲು ಗ್ಯಾರಂಟಿ ಇತ್ತು. ಇವಳಿಗೆ ಯಾರು ಕಲಿಸಿದ್ರೋ ಈ ಬಲಗಡೆ ಹುಚ್ಚು!"

ಅಪ್ಪ ಅವನತ್ತ ತಿರುಗಿದ. ಜಗಳಕ್ಕೆ ನಿಂತನೆಂದು ಅಣ್ಣ ತೋಳು ಹಿಡಿದುಕೊಂಡ.

"ಎಡಗಡೆ ಮುಚ್ಚಿತ್ತು ಸ್ವಾಮಿ," ಎಂದ ಅಪ್ಪ. "ನೋಡ್ಲಿಲ್ವಾ ನೀವು?"

ಹಿರಿಯರ ತಂಡದ ಕೋಚು ಪುಸ್ತಕದಲ್ಲಿ ಏನೋ ಬರೆದು, ಮುಚ್ಚಿ, ಎದ್ದುಹೋದ.

ಪಟ್ಟಿ ಬಂದದ್ದು ಬುಧವಾರ, ಅಮ್ಮ ಹೊದಿಕೆ ನೆನೆಹಾಕುವ ಹೊತ್ತಿಗೆ. ಚೂಟಿ ಹಿತ್ತಲಿಗೆ ಓಡಿಬಂದಳು. ಬಂದವಳೇ ಫೋನನ್ನು ಮುಂದಕ್ಕೆ ಹಿಡಿದಳು. ಯುವ ತಂಡದಿಂದ ಹಿರಿಯರ ಕ್ಯಾಂಪಿಗೆ ಮೂವರು. ಮೂರನೇ ಹೆಸರು ಇವಳದು. ಅಮ್ಮ ನೊರೆ ಕೈಯಲ್ಲೇ ಮಗಳನ್ನು ಬಾಚಿ ತಬ್ಬಿಕೊಂಡಳು. ಅಳು ಬಂದದ್ದು ಸಂತೋಷಕ್ಕೆ; ಸಾಬೂನು ಕಣ್ಣಿಗೆ ಬಿತ್ತು ಎಂದು ಹೇಳಿ ಕಣ್ಣೊರೆಸಿಕೊಂಡಳು.

ಸಂಜೆ ಕೋಚ್ ಮೇಡಂ ಕಳಿಸಿದ ಫಾರಂ ಊಟದ ಮೇಜಿನ ಮೇಲಿತ್ತು. ಭಾನುವಾರವಲ್ಲದಿದ್ದರೂ ಐವರೂ ಸುತ್ತ ಕೂತಿದ್ದರು. ಅಣ್ಣ ಫ್ಯಾಕ್ಟರಿಯಿಂದ ಬಿಸಿ ಬ್ರೆಡ್ಡು ತಂದಿದ್ದ. ಅಪ್ಪ ಕೈ ತೊಳೆದು ಬಂದು, ಎಂದಿನಂತೆ ಪೆನ್ನು ಕೇಳಿದ. ಎತ್ತರ, ತೂಕ, ಹುಟ್ಟಿದ ದಿನ, ಎಲ್ಲ ತುಂಬಿದ. 'ಮೊದಲ ತರಬೇತುದಾರರು' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಬರೀ ಅಪ್ಪ," ಎಂದಳು ಚೂಟಿ ಮೆಲ್ಲಗೆ. "ಯಾವಾಗಲೂ ಬರೆಯೋ ಹಾಗೇ ಬರೀ."

ಅವನು ಬರೆದ. ಬರೆದು, ಫಾರಮನ್ನು ಮಗಳ ಕಡೆ ತಳ್ಳಿ, ಬ್ರೆಡ್ಡಿಗೆ ಕೈ ಹಾಕಿದ. ಚೂಟಿ ಓದಿಕೊಂಡಳು. ತುಟಿ ಕಚ್ಚಿಕೊಂಡು ಅಮ್ಮನಿಗೆ ಕೊಟ್ಟಳು. ಅಮ್ಮ ಓದಿ, ಗಂಡನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

"ಏನು ಬರೆದಿದ್ದಾನೆ? ಗಟ್ಟಿಯಾಗಿ ಓದ್ರೇ," ಎಂದಳು ಅಜ್ಜಿ.

ಅಣ್ಣ ಓದಿದ: "ಎಡಕ್ಕೆ, ತಂದೆ. ಬಲಕ್ಕೆ, ತಾಯಿ."

ಅಜ್ಜಿ ಫಾರಮಿನತ್ತ ಕತ್ತು ಚಾಚಿದಳು.

"ತಿರುಗಿಸಿ ನಿಲ್ಲಿಸಿದವಳು?"

ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ, ಫಾರಂ ವಾಪಸ್ಸು ತೆಗೆದುಕೊಂಡ. ಸಾಲಿನಲ್ಲಿ ಜಾಗ ಉಳಿದಿರಲಿಲ್ಲ. ಅಂಚಿನ ಬಿಳಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅಜ್ಜಿ' ಎಂದು ಬರೆದ. ಈ ಸಲ ಕೆಳಗೆ ಗೆರೆ ಎಳೆದದ್ದು ಆ ಹೆಸರಿಗೆ ಮಾತ್ರ.